ಒಲೆಗೊಂದು ಡಬ್ಬಿ

ಹಳೇ ಗುದಾಮು ಕೇರಿಯಲ್ಲಿ ಇದ್ದದ್ದು ಹನ್ನೊಂದು ಮನೆ. 1960ರ ಅಕ್ಟೋಬರ್ ಒಂದನೇ ತಾರೀಕು ಬೆಳಿಗ್ಗೆ ಆ ಹನ್ನೊಂದು ಮನೆಗಳ ಮುಂದೆ ಹದಿನಾಲ್ಕು ಕಸದ ಡಬ್ಬಿಗಳು ನಿಂತಿದ್ದವು. ಮನೆಗೊಂದು ಸಾಕೆಂದು ಹಲವರು ಹೇಳಿದ್ದರು; ಕೇರಿಯ ಸ್ವಚ್ಛತಾ ಸಮಿತಿಯ ಅಧ್ಯಕ್ಷರಾದ ರಮಾನಂದ ಮಾಸ್ತರರು ಒಪ್ಪಲಿಲ್ಲ. ಕಸ ಹುಟ್ಟುವುದು ಒಲೆಯ ಹತ್ತಿರ, ಆದ್ದರಿಂದ ಡಬ್ಬಿ ಒಲೆಗೊಂದು ಇರಬೇಕು ಎಂದರು. ಅಣ್ಣತಮ್ಮಂದಿರು ಒಂದೇ ಸೂರಿನ ಕೆಳಗೆ ಬೇರೆ ಬೇರೆ ಅಡುಗೆ ಮಾಡುವ ಮನೆಗಳು ಎರಡಿದ್ದವು. ಬೀದಿಗೆ ಬಿದ್ದ ಕಸ ತಮ್ಮದಲ್ಲ, ಆಚೆ ಒಲೆಯದು ಎಂದು ಅವರು ಹೇಳುವುದನ್ನು ಮಾಸ್ತರರು ಕೇಳಿ ಬಲ್ಲರು. ಹೀಗೆ ಎರಡು ಡಬ್ಬಿ ಹೆಚ್ಚಾದವು. ಮೂರನೆಯದು ಏಳನೇ ಮನೆಯ ಹಿಂದಿನ ಕೋಣೆಯಲ್ಲಿ ತನ್ನೊಬ್ಬಳಿಗೆ ಬೇಯಿಸಿಕೊಳ್ಳುತ್ತಿದ್ದ ಮಂಗಲಾಳ ಒಲೆಗೆ. ಮನೆಯ ಡಬ್ಬಿಯ ಮೇಲೆ 7-ಅ ಎಂದೂ ಅವಳದರ ಮೇಲೆ 7-ಬ ಎಂದೂ ಬಿಳಿ ಬಣ್ಣದಲ್ಲಿ ಬರೆದಿತ್ತು.

ಕುಮಟೆಯ ಒಂಬತ್ತು ಕೇರಿಗಳಿಗೆಂದು ನಾಗರಿಕ ಸಂಘದವರು ಏರ್ಪಡಿಸಿದ ಸ್ಪರ್ಧೆ ಅದು. ಎರಡು ತಿಂಗಳ ಅವಧಿ, ನೂರು ಅಂಕ. ಗೆದ್ದ ಕೇರಿಗೆ ಮರದ ಮೇಲೆ ಬೆಳ್ಳಿ ತಗಡು ಹೊಡೆದ ಒಂದು ಫಲಕ, ಅದೂ ಒಂದು ವರ್ಷದ ಮಟ್ಟಿಗೆ. ಮರುವರ್ಷ ಗೆದ್ದವರಿಗೆ ಅದನ್ನು ಬಿಟ್ಟುಕೊಡಬೇಕು. ಮಾಸ್ತರರು ಕುಮಟೆ, ಹೊನ್ನಾವರ, ಭಟ್ಕಳದ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದರು. ಅವರು ಮಾಡಿದ ನಿಯಮಗಳು ಐದಾರು ಸಾಲಿನವು, ಎಲ್ಲರಿಗೂ ಅರ್ಥವಾಗುವಂಥವು. ಮೇಲ್ಭಾಗ ಕತ್ತರಿಸಿದ ಚಿಮಣಿ ಎಣ್ಣೆ ಡಬ್ಬಿಯನ್ನು ಬೆಳಿಗ್ಗೆ ಆರೂವರೆಯೊಳಗೆ ಹೊರಗಿಡಬೇಕು. ಏಳಕ್ಕೆ ಪುರಸಭೆಯ ಬೀರ ಎತ್ತಿನ ಗಾಡಿ ತರುತ್ತಾನೆ. ಡಬ್ಬಿಯ ಕಂಠದಿಂದ ಮೇಲೆ ಬಂದ ಕಸವನ್ನು ಬೀರ ಒಯ್ಯುವುದಿಲ್ಲ, ಆ ಮನೆಯ ಮೆಟ್ಟಿಲ ಮೇಲೆಯೇ ಸುರಿದು ಹೋಗುತ್ತಾನೆ. ಹಾಗೆ ಸುರಿಸಿಕೊಂಡವರ ಹೆಸರನ್ನು ಬಾವಿಕಟ್ಟೆಯ ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯಲಾಗುತ್ತದೆ, ಕೇರಿಗೆ ಒಂದು ಅಂಕ ಹೋಗುತ್ತದೆ. ಮೀನಿನ ಕಸವನ್ನು ಮುಚ್ಚದೆ ಇಟ್ಟರೂ ಒಂದು ಅಂಕ. ತನ್ನ ಕಸವನ್ನು ಬೇರೆ ಒಲೆಯ ಡಬ್ಬಿಗೆ ಹಾಕಿದ್ದು ಸಾಬೀತಾದರೆ ಹಾಕಿದ ಒಂದೊಂದು ಮನೆಗೂ ಐದು ಅಂಕ ಕಡಿತ.

ನಿಯಮಗಳು ಕೆಲಸ ಮಾಡಿದವು. ಮೊದಲ ವಾರ ಹಲಗೆಯ ಮೇಲೆ ಆರು ಹೆಸರು ಬಿದ್ದವು. ನೀರಿಗೆ ಬಂದ ಹೆಂಗಸರು ಅವನ್ನು ಗಟ್ಟಿಯಾಗಿ ಓದಿ ನಕ್ಕರು. ಮೂರನೇ ಮನೆಯ ಸೊಸೆಯಿಂದ ಅವಳ ಅತ್ತೆ ಮೆಟ್ಟಿಲ ಮೇಲಿನ ಕಸವನ್ನು ಎರಡೂ ಕೈಯಲ್ಲಿ ಬಾಚಿಸಿ ಹಿತ್ತಲಿಗೆ ಹೊರಿಸಿದಳು. ಮೂರನೇ ವಾರ ಹಲಗೆ ಖಾಲಿಯಾಗಿತ್ತು. ಚರಂಡಿಯಲ್ಲಿ ನೀರು ಹರಿಯತೊಡಗಿತು. ಬೂದಿ, ತೆಂಗಿನ ಸಿಪ್ಪೆ, ಎಂಜಲೆಲೆ, ಮೀನಿನ ಪರೆ ಯಾವುದೂ ಬೀದಿಯಲ್ಲಿ ಕಾಣಲಿಲ್ಲ. ನೊಣ ಕಡಿಮೆಯಾಯಿತು, ನಾಯಿಗಳು ಬೇರೆ ಕೇರಿ ಹಿಡಿದವು. ನೋಡಲು ಬಂದವರು ಮೆಚ್ಚಿದ್ದು ಬಾಯಿಮಾತಿಗಲ್ಲ. ಕೇರಿ ನಿಜವಾಗಿಯೂ ಚೊಕ್ಕಟವಾಗಿತ್ತು.

ಮಂಗಲಾಳಿಗೆ ಆಗ ನಲವತ್ತಮೂರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಗಂಡ ಪುಂಡಲೀಕ ವಿಷಮಜ್ವರದಿಂದ ಸತ್ತ. ಹತ್ತನೇ ದಿನ ಅವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಕೊಂಕಣಿ ಮನೆಮಾತಿನ ಆ ಕೇರಿಯಲ್ಲಿ ಮೀನು ದಿನದ ಊಟ. ವಿಧವೆಗೆ ಮಾತ್ರ ನಿಷಿದ್ಧ. ಅಂದಿನಿಂದ ಅವಳು ಅದನ್ನು ಮುಟ್ಟಲಿಲ್ಲ. ಮೈದುನ ಉಪೇಂದ್ರನ ಮನೆಯ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿ ದಿನಕ್ಕೆ ಒಂದು ಹೊತ್ತು ಉಣ್ಣುತ್ತಿದ್ದಳು. ಅಂಥ ಮಡಿ ಹೆಂಗಸಿನ ಕೈಯ ಅಡುಗೆಯೇ ಶ್ರಾದ್ಧಕ್ಕೆ ಬೇಕು. ಕೇರಿಯಲ್ಲಿ, ಸುತ್ತಿನ ಕೇರಿಗಳಲ್ಲಿ ವರ್ಷಕ್ಕೆ ಮೂವತ್ತರಷ್ಟು ಶ್ರಾದ್ಧಗಳ ಅಡುಗೆ ಅವಳದು. ಅಕ್ಕಿ, ತೆಂಗಿನಕಾಯಿ, ವರ್ಷಕ್ಕೊಂದು ಸೀರೆ ಅದರಿಂದಲೇ ಬರುತ್ತಿತ್ತು. ಕರೆಯಲು ಮನೆಯ ಯಜಮಾನನೇ ಬರುವುದು ವಾಡಿಕೆ. ಬೇರೆ ದಿನಗಳಲ್ಲಿ ಅದೇ ಯಜಮಾನರು ಬೆಳಿಗ್ಗೆ ಅವಳು ಎದುರಾದರೆ ಅಪಶಕುನವೆಂದು ಮನೆಗೆ ಹಿಂತಿರುಗಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು.

ಮಾರ್ಗಶಿರ ಬಹುಳ ಪಂಚಮಿ ಪುಂಡಲೀಕನ ತಿಥಿ. ಇಪ್ಪತ್ತೊಂದು ವರ್ಷದಲ್ಲಿ ಆ ಅಡುಗೆಯನ್ನು ಬೇರೆಯವರು ಮಾಡಿದ್ದಿಲ್ಲ. ಸಂಸಾರ ನಡೆದದ್ದು ನಾಲ್ಕೇ ವರ್ಷ. ಗಂಡನಿಗೆ ವರ್ಷಕ್ಕೊಂದು ಸಲ ಬಡಿಸುವ ದಿನ ಎಂದು ಅವಳು ಆ ಪಂಚಮಿಯನ್ನು ಕಾಯುತ್ತಿದ್ದಳು. ಹದಿನೈದು ದಿನ ಮೊದಲೇ ಉದ್ದು ಆರಿಸಿಡುತ್ತಿದ್ದಳು. ಅವನಿಗೆ ಇಷ್ಟವೆಂದು ಕೆಸುವಿನ ದಂಟಿನ ಹುಳಿ ತಪ್ಪಿಸುತ್ತಿರಲಿಲ್ಲ.

ಅವಳ ಡಬ್ಬಿಯಲ್ಲಿ ಬೀಳುತ್ತಿದ್ದುದು ಒಂದು ಹಿಡಿ ಕಸ. ಒಲೆಯ ಬೂದಿ ಪಾತ್ರೆ ತಿಕ್ಕಲು, ಕಾಯಿಪಲ್ಲೆಯ ಸಿಪ್ಪೆ ದನಕ್ಕೆ. ಪಕ್ಕದ 7-ಅ ಡಬ್ಬಿಯಲ್ಲಿ ಏಳು ಜನರ ಕಸ. ಎರಡನೇ ವಾರದಲ್ಲಿ ಎರಡು ಸಲ ಅದು ಕಂಠ ಮೀರಿತು, ಉಪೇಂದ್ರನ ಹೆಸರು ಎರಡು ಸಲ ಹಲಗೆ ಏರಿತು. ಅಂಗಡಿಯಲ್ಲಿ ಅವನನ್ನು ಗೇಲಿ ಮಾಡಿದರು. ಮರುದಿನ ಅವನ ಹೆಂಡತಿ ಮಹಾಲಕ್ಷ್ಮೀ ಹಿಂದಿನ ಕೋಣೆಯ ಬಾಗಿಲಿಗೆ ಬಂದಳು. ಅಣ್ಣನ ಹೆಂಡತಿಯನ್ನು ಆ ಮನೆಗಳಲ್ಲಿ ವೈನಿ ಎಂದು ಕರೆಯುತ್ತಾರೆ.

"ವೈನಿ, ನಿಮ್ಮ ಡಬ್ಬಿಯಲ್ಲಿ ಎಂತದೂ ಇಲ್ಲ ಅಲ್ದಾ. ನಮ್ಮದು ಸ್ವಲ್ಪ ಅದಕ್ಕೆ ಹಾಕ್ಲಾ?"

"ನಿಮ್ಮದ್ರಲ್ಲಿ ಮೀನು ಇರ್ತದೆ, ಮಾರಾಯ್ತಿ. ನಾನು ಮುಟ್ಟೂದು ಹ್ಯಾಂಗೆ?"

"ನೀವು ಎಂತಕ್ಕೆ ಮುಟ್ತ್ರಿ? ಇಡೂದೂ ನಾನೇ, ತೊಳೂದೂ ನಾನೇ."

ಮಂಗಲಾ "ಆತು" ಎಂದಳು. ಆ ಮನೆಯಲ್ಲಿ ಇರಬೇಕಾದವಳು ಅವಳು; ಇಲ್ಲ ಎನ್ನುವಷ್ಟು ದೊಡ್ಡ ವಿಷಯವಾಗಿಯೂ ಅದು ಕಾಣಲಿಲ್ಲ. ಅಂದಿನಿಂದ 7-ಬ ಡಬ್ಬಿ ಆರು ಗಂಟೆಗೇ ಹೊರಗೆ ನಿಲ್ಲುತ್ತಿತ್ತು. ಅವಳು ಬಾವಿಯಲ್ಲಿ ಮಿಂದು, ಒದ್ದೆ ಸೀರೆಯಲ್ಲಿ ಕೋಣೆಗೆ ಹೋಗಿ, ಜಪ ಮುಗಿಸಿ ಬರುವಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು. ಆ ಒಂದು ಗಂಟೆ ಡಬ್ಬಿಯ ಹತ್ತಿರ ಯಾರೂ ಇರುತ್ತಿರಲಿಲ್ಲ. ಇದನ್ನು ಮೊದಲು ಕಂಡದ್ದು ಎರಡನೇ ಮನೆಯವರು. ಆಮೇಲೆ ಮೂರನೆಯವರು, ಒಂಬತ್ತನೆಯವರು, ಹತ್ತನೆಯವರು. ಅವರು ಯಾರೂ ಕೇಳಲಿಲ್ಲ. ಬಾಳೆ ಎಲೆಯಲ್ಲಿ ಸುತ್ತಿ ತಂದು, ಅತ್ತ ಇತ್ತ ನೋಡಿ, ಹಾಕಿ ಹೋಗುತ್ತಿದ್ದರು. ನೋಡಿದ್ದು ಬೀರ ಒಬ್ಬ. ಗಾಡಿಯನ್ನು ಕೇರಿಯ ಬಾಯಿಯಲ್ಲಿ ನಿಲ್ಲಿಸಿ ಅವನು ಬೀಡಿ ಸೇದುವ ಹೊತ್ತು ಅದು. ಯಾವ ಮನೆಯವರು ನಿನ್ನೆ ಏನು ತಿಂದರು ಎಂದು ಊರಿನಲ್ಲಿ ಅವನಿಗೆ ಗೊತ್ತಿದ್ದಷ್ಟು ಮತ್ಯಾರಿಗೂ ಗೊತ್ತಿರಲಿಲ್ಲ.

ಕಾರ್ತಿಕ ಮಾಸದಲ್ಲಿ ಕೇರಿಯವರು ಮೀನು ಬಿಡುತ್ತಾರೆ. ನವೆಂಬರ್ ಹದಿನೆಂಟಕ್ಕೆ ಕಾರ್ತಿಕ ಮುಗಿಯಿತು. ಅದೇ ವಾರ ಬಂಗಡೆ ರಾಶಿ ಬಿದ್ದು ಅಗ್ಗವಾಯಿತು. ಇಪ್ಪತ್ತೆರಡರ ಮಂಗಳವಾರ ಹನ್ನೊಂದೂ ಮನೆಗಳಲ್ಲಿ ಬಂಗಡೆಯ ಸಾರು. ಇಪ್ಪತ್ತಮೂರರ ಬುಧವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ, ಹೇಳದೆ ಕೇಳದೆ, ಕೊನೆಯ ತಪಾಸಣೆಗೆ ಮೂವರು ಬಂದರು. ಅವರಲ್ಲಿ ಹಿರಿಯರು ಹೊನ್ನಾವರದ ಒಬ್ಬ ಡಾಕ್ಟರರು. ಆ ದಿನ ಹಳೇ ಗುದಾಮು ಕೇರಿ ಕೆಳಗಿನ ಕೇರಿಗಿಂತ ನಾಲ್ಕು ಅಂಕ ಮುಂದಿತ್ತು. ಮಾಸ್ತರರು ರಿಜಿಸ್ಟರ್ ಹಿಡಿದು ಜೊತೆಗೆ ನಡೆದರು. ಕೇರಿಯವರೆಲ್ಲ ಜಗಲಿಗಳಲ್ಲಿ ನಿಂತರು.

ಡಾಕ್ಟರರು ಬೀದಿ ನೋಡಿದರು, ಚರಂಡಿ ನೋಡಿದರು, ತಲೆ ಆಡಿಸಿದರು. ಏಳನೇ ಮನೆಯ ಮುಂದೆ ನಿಂತು, ಈ 7-ಬ ಎಂದರೇನು ಎಂದು ಕೇಳಿದರು. ಮಾಸ್ತರರು ಒಲೆಗೊಂದು ಡಬ್ಬಿಯ ವ್ಯವಸ್ಥೆಯನ್ನು ವಿವರಿಸಿದರು. ಈ ಒಲೆಗೆ ಎಷ್ಟು ಜನ ಎಂದು ಡಾಕ್ಟರರು ಕೇಳಿದಾಗ ಒಬ್ಬಳೇ, ಮಡಿ ಹೆಂಗಸು ಎಂದರು. ಡಬ್ಬಿ ಕಂಠದವರೆಗೆ ತುಂಬಿತ್ತು. ಡಾಕ್ಟರರು ಬೀರನನ್ನು ಕರೆದು, ಗೋಣಿತಾಟಿನ ಮೇಲೆ ಅದನ್ನು ಸುರಿಯಲು ಹೇಳಿದರು.

ಬೂದಿ ಹಿಡಿಯಷ್ಟಿತ್ತು. ಉಳಿದದ್ದು ಮೀನು. ಡಾಕ್ಟರರು ಕೋಲಿನ ತುದಿಯಿಂದ ಒಂದೊಂದಾಗಿ ಬಂಗಡೆಯ ತಲೆಗಳನ್ನು ಬದಿಗೆ ಸರಿಸುತ್ತ ಎಣಿಸಿದರು. ಹತ್ತೊಂಬತ್ತು.

"ಮಡಿ ಹೆಂಗಸಿಗೆ ಹಸಿವೆ ಜೋರೇ ಅದೆ, ಮಾಸ್ತರೇ," ಎಂದರು.

ಜಗಲಿಗಳಲ್ಲಿ ನಗೆ ಎದ್ದಿತು. ಹತ್ತೊಂಬತ್ತು ಬಂಗಡೆಯನ್ನು ಒಬ್ಬ ಮನುಷ್ಯ ಒಂದು ದಿನದಲ್ಲಿ ತಿನ್ನಲಾರ. ಅಲ್ಲಿ ನಕ್ಕವರಲ್ಲಿ ವ್ಯಾಪಾರಿಗಳಿದ್ದರು, ಕಾರಕೂನರಿದ್ದರು, ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಮಾಸ್ತರರಿದ್ದರು. ಯಾರೂ ಆ ಮಾತು ಆಡಲಿಲ್ಲ.

ಮಂಗಲಾ ಬಾವಿಯಿಂದ ಒದ್ದೆ ಸೀರೆಯಲ್ಲಿ ಬರುತ್ತಿದ್ದಳು. ಗೋಣಿತಾಟು ಕಂಡು ಸಂದಿಯ ಗೋಡೆಗೆ ಸರಿದು ನಿಂತಳು. ಗಂಡಸರ ಎದುರು ಮಾತಾಡುವ ರೂಢಿ ಅವಳಿಗಿರಲಿಲ್ಲ. ಅದು ತನ್ನದಲ್ಲ ಎಂದು ಹೇಳಿದಳು. ಹತ್ತಿರದವರಿಗೆ ಕೇಳುವಷ್ಟು ಮಾತ್ರ. ಮತ್ತೆ ಯಾರದು ಎಂದು ಮಾಸ್ತರರು ಕೇಳಿದರು. ಅವಳು ಮಹಾಲಕ್ಷ್ಮಿಯನ್ನು ನೋಡಿದಳು. ಮಹಾಲಕ್ಷ್ಮೀ ಹೊಸ್ತಿಲ ಮೇಲಿದ್ದ ಮಗುವಿನ ಮೂಗು ಒರೆಸುತ್ತಿದ್ದಳು.

"ಮಾಸ್ತರೇ, ಅದು ದಿನಾ..." ಎಂದು ಬೀರ ಬಾಯಿ ತೆರೆದ.

"ನೀನು ಗಾಡಿ ಹೊಡಿ," ಎಂದರು ಮಾಸ್ತರರು.

ರಿಜಿಸ್ಟರಿನ ಷರಾ ಕಾಲಮಿನಲ್ಲಿ ಅವರು ಬರೆದದ್ದು ಇಷ್ಟು: 7-ಬ, ಮೀನಿನ ಕಸ, ಮುಚ್ಚಿಲ್ಲ, ಒಂದು ಅಂಕ ಕಡಿತ. ಆದರೆ ಡಾಕ್ಟರರು ಹೋಗುವಾಗ, ಆ ಹೆಂಗಸು ತನ್ನದಲ್ಲ ಎಂದದ್ದು ತಮಗೆ ಕೇಳಿಸಿತೆಂದರು. ಬೇರೆಯವರದ್ದಾದರೆ ನಿಯಮ ಬೇರೆ. ಸಂಜೆಯೊಳಗೆ ಯಾರದೆಂದು ಬರವಣಿಗೆಯಲ್ಲಿ ಬರಲಿ ಎಂದರು.

ಮಧ್ಯಾಹ್ನ ಮಾಸ್ತರರು ಉಪೇಂದ್ರನ ಜಗಲಿಗೆ ಬಂದು ಕುಳಿತರು. ಮಂಗಲಾ ಬಾಗಿಲ ಮರೆಯಲ್ಲಿ ನಿಂತಳು. ಮಾಸ್ತರರು ಶಾಂತವಾಗಿ, ಪಾಠ ಹೇಳುವವರಂತೆ, ಲೆಕ್ಕ ಬಿಡಿಸಿದರು. ಕಸ ಅವಳದೇ ಎಂದಾದರೆ ಒಂದು ಅಂಕ ಹೋಗುತ್ತದೆ. ಕೇರಿ ಆಗಲೂ ಮೂರು ಅಂಕ ಮುಂದೆ. ಬೇರೆಯವರದ್ದು ಎಂದಾದರೆ, ಹಾಕಿದ ಮನೆ ಐದು, ಅಂಕ ಇಪ್ಪತ್ತೈದು. ಕೇರಿ ಕೊನೆಯ ಸಾಲಿಗೆ. ಐದು ಮನೆ ಎಂದು ಅವರು ತಾವಾಗಿಯೇ ಹೇಳಿದರು. ಬೀರನನ್ನು ಕೇಳಿ ತಿಳಿದುಕೊಂಡೇ ಬಂದಿದ್ದರು. ಯಾವ ಮನೆಯದು ಎಷ್ಟು ತಲೆ ಎಂಬುದೂ ಅವರಿಗೆ ಗೊತ್ತಿತ್ತು: ಈ ಮನೆಯದು ಏಳು, ಎರಡನೆಯದು ನಾಲ್ಕು, ಮೂರನೆಯದೂ ಒಂಬತ್ತನೆಯದೂ ಮೂರು ಮೂರು, ಹತ್ತನೆಯದು ಎರಡು.

"ಗೊತ್ತಿದ್ಮೇಲೆ ನಂದು ಅಂತ ಎಂತಕ್ಕೆ ಬರ್ಕೊಡೂದು?" ಎಂದಳು ಮಂಗಲಾ.

"ಗೊತ್ತಿದ್ದದ್ದಕ್ಕೇ, ಮಂಗಲಾಬಾಯಿ. ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಹತ್ತೊಂಬತ್ತು ತಲೆ ಒಬ್ರು ತಿನ್ನೂದುಂಟಾ? ಯಾರೂ ನಂಬೂದಿಲ್ಲ. ಯಾರೂ ನಂಬದ ಮಾತು ಬರ್ಕೊಟ್ರೆ ನಿಮಗೆ ಎಂತ ನಷ್ಟ?"

ಅವಳಿಗೆ ಇದ್ದ ಭಯ ಒಂದೇ. ಅದನ್ನು ಮಾಸ್ತರರಿಗಲ್ಲ, ಮೈದುನನಿಗೆ ಕೇಳಿದಳು.

"ಉಪೇಂದ್ರಾ, ಪಂಚಮಿಗೆ ಅಡುಗೆ ಯಾರು ಮಾಡೂದು?"

"ನೀವೇ, ವೈನಿ. ಮತ್ಯಾರು?"

ಮಾಸ್ತರರು ಬರೆದುಕೊಂಡೇ ಬಂದಿದ್ದರು. '7-ಬ ಡಬ್ಬಿಯಲ್ಲಿ ಸಿಕ್ಕ ಮೀನಿನ ಕಸ ನನ್ನ ಒಲೆಯದು. ಅದನ್ನು ಮುಚ್ಚದೆ ಇಟ್ಟದ್ದು ನನ್ನ ತಪ್ಪು.' ಅವಳಿಗೆ ಓದು ಬರುತ್ತಿತ್ತು, ಪುಂಡಲೀಕ ಕಲಿಸಿದ್ದ. ಕಾಗದವನ್ನು ನೆಲದ ಮೇಲಿಡಿಸಿ, ಬಗ್ಗಿ, ಅಕ್ಷರ ಅಕ್ಷರ ಓದಿದಳು. 'ನನ್ನ ಒಲೆಯದು' ಎಂಬುದನ್ನು ತೆಗೆದು 'ನನ್ನ ಡಬ್ಬಿಯದು' ಎಂದು ಹಾಕಬಹುದೇ ಎಂದು ಕೇಳಿದಳು. ಹಾಗೆ ಬರೆದರೆ ಡಾಕ್ಟರರು ಒಪ್ಪುವುದಿಲ್ಲ ಎಂದರು ಮಾಸ್ತರರು. ಮಹಾಲಕ್ಷ್ಮೀ ಶಾಯಿಯ ಕುಪ್ಪಿ ಹಿಡಿದು ನಿಂತಿದ್ದಳು. ಮಂಗಲಾ ಸಹಿ ಹಾಕಿದಳು.

ಮೂರು ದಿನದ ಮೇಲೆ ಎರಡನೇ ಮನೆಯಲ್ಲಿ ಶ್ರಾದ್ಧವಿತ್ತು. ಹಿಂದಿನ ಸಂಜೆ ಯಜಮಾನ ವಾಡಿಕೆಯಂತೆ ತಾನೇ ಬಂದ. ನಾಳೆ ಬರುವುದು ಬೇಡ ಎಂದು ಹೇಳಲು ಬಂದಿದ್ದ. ತನಗೆ ಎಲ್ಲ ಗೊತ್ತಿದೆ, ತನಗೇನೂ ಅನುಮಾನವಿಲ್ಲ, ಆದರೆ ಶಿರಸಿಯಿಂದ ಬಂದ ಷಡ್ಡಕನಿಗೆ ಗೊತ್ತಿಲ್ಲ, ಅವನು ಕಾಗದದ ಸುದ್ದಿ ಕೇಳಿದ್ದಾನೆ, ಊಟಕ್ಕೆ ಕುಳಿತವನು ಎದ್ದು ಹೋದರೆ ಮರ್ಯಾದೆಯ ಪ್ರಶ್ನೆ ಎಂದ. ಹತ್ತೊಂಬತ್ತರಲ್ಲಿ ನಾಲ್ಕು ತಲೆ ಅವನ ಮನೆಯವು. ಅವನು ಹೋಗುವಾಗ ಎರಡು ತೆಂಗಿನಕಾಯಿ ಇಟ್ಟು ಹೋದ.

ಆಮೇಲಿನ ಹತ್ತು ದಿನಗಳಲ್ಲಿ ಇನ್ನೂ ನಾಲ್ಕು ಮನೆಗಳು ಬೇಡ ಎಂದವು. ಇವುಗಳಲ್ಲಿ ಎರಡು ಬೇರೆ ಕೇರಿಯವು. ಅಲ್ಲಿಯವರಿಗೆ ಹತ್ತೊಂಬತ್ತು ತಲೆಯ ವಿವರ ಬೇಕಿರಲಿಲ್ಲ. ಮಡಿ ಹೆಂಗಸು ಮೀನು ತಿಂದು ಸಿಕ್ಕಿಬಿದ್ದಳು, ಬರೆದೂ ಕೊಟ್ಟಳು; ಅಷ್ಟು ಸಾಕಾಗಿತ್ತು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೆದರಿದರು. ಗೊತ್ತಿಲ್ಲದವರು ಕಾಗದವನ್ನು ನಂಬಿದರು. ಅಂಗಡಿ ಕಟ್ಟೆಯಲ್ಲಿ ಅವಳಿಗೆ ಬಂಗಡೆ ಬಾಯಿ ಎಂಬ ಹೆಸರು ಬಿತ್ತು. ಅಲ್ಲಿ ಕುಳಿತವರಲ್ಲಿ ಒಬ್ಬ, ಮೀನು ಮಾರುವ ಲಕ್ಕಿಗೆ, ಏಳನೇ ಮನೆಯ ಹಿಂದಿನ ಬಾಗಿಲಿನವರು ನಿನ್ನನ್ನು ಕೇಳುತ್ತಿದ್ದರು ಎಂದು ಹೇಳಿ ಕಳಿಸಿದ. ಲಕ್ಕಿ ನಂಬಿ ಹೋದಳು. ಬುಟ್ಟಿ ಇಳಿಸಿ, "ಬಾಯಮ್ಮ, ನಿಮಗೆ ಎಷ್ಟು ಬೇಕು?" ಎಂದಳು. ಮಂಗಲಾ ಬಾಗಿಲು ಹಾಕಿಕೊಂಡು ಆ ದಿನ ಎರಡನೇ ಸಲ ಮಿಂದಳು. ಅದನ್ನು ಕಟ್ಟೆಯವರು ಒಂದು ವಾರ ಹೇಳಿಕೊಂಡು ನಕ್ಕರು.

ಡಿಸೆಂಬರ್ ನಾಲ್ಕರ ಭಾನುವಾರ ಫಲಿತಾಂಶ. ಹಳೇ ಗುದಾಮು ಕೇರಿ ಮೂರು ಅಂಕಗಳಿಂದ ಗೆದ್ದಿತು. ಫಲಕವನ್ನು ವಾದ್ಯದೊಂದಿಗೆ ತಂದು ಮಾಸ್ತರರ ಜಗಲಿಯಲ್ಲಿ ತೂಗುಹಾಕಿದರು. ಮರುದಿನ ಮಂಗಲಾ ಹಿತ್ತಲುಗಳ ಮೂಲಕ ಮಾ‌ಸ್ತರರ ಮನೆಗೆ ಹೋಗಿ, ಹಿಂಬಾಗಿಲಲ್ಲಿ ನಿಂತು, ಸ್ಪರ್ಧೆ ಮುಗಿಯಿತಲ್ಲ, ಇನ್ನು ಆ ಸಾಲನ್ನು ಹೊಡೆದುಹಾಕಿ ಎಂದು ಕೇಳಿದಳು. ಮಾಸ್ತರರು ಕೆಟ್ಟ ಮಾತು ಆಡುವವರಲ್ಲ. ಅವಳನ್ನು ನೆರಳಿಗೆ ನಿಲ್ಲಲು ಹೇಳಿದರು. ರಿಜಿಸ್ಟರು ಸಂಘಕ್ಕೆ ಹೋಗಿ ಮುದ್ರೆ ಬಿದ್ದಿದೆ, ಈಗ ಹೊಡೆದರೆ ಫಲಕವನ್ನು ಹಿಂದಕ್ಕೆ ಕೊಡಬೇಕಾಗುತ್ತದೆ ಎಂದು ವಿವರಿಸಿದರು. ಬರುವ ವರ್ಷ ಅವಳ ಡಬ್ಬಿಗೆ ಒಂದು ಮುಚ್ಚಳ ಮಾಡಿಸಿ ಕೊಡುವುದಾಗಿ ಹೇಳಿದರು.

ಪಂಚಮಿಗೆ ಮೂರು ದಿನ ಇತ್ತು. ಅವಳು ಉದ್ದು ಆರಿಸಿಟ್ಟಿದ್ದಳು. ಆ ರಾತ್ರಿಯ ಊಟದ ಮೊದಲು ಉಪೇಂದ್ರ ಬಂದು, ಭಟ್ಟರು ಒಪ್ಪುವುದಿಲ್ಲವಂತೆ, ಹೊನ್ನಾವರದಿಂದ ಒಬ್ಬ ಮಡಿ ಹೆಂಗಸನ್ನು ಬಸ್ಸಿನಲ್ಲಿ ಕರೆಸಿದ್ದೇವೆ ಎಂದು, ಕಂಬವನ್ನು ನೋಡುತ್ತ ಹೇಳಿದ. ಮಂಗಲಾ ಮಹಾಲಕ್ಷ್ಮಿಯನ್ನು ಬಾವಿಯ ಹತ್ತಿರ ಹಿಡಿದು ಕೇಳಿದಳು. ಊರಿಗೆ ಹೇಳುವುದು ಬೇಡ, ಸಂಘಕ್ಕೆ ಹೇಳುವುದು ಬೇಡ. ಭಟ್ಟರೊಬ್ಬರಿಗೆ, ಗುಟ್ಟಾಗಿ, ಆ ಏಳು ತಲೆ ನಮ್ಮವು ಎಂದು ಹೇಳಿದರೆ ಸಾಕು. ಅಡುಗೆ ಮಾಡಿ ಮುಗಿಸಿದ ಮೇಲೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಎಂದಳು.

ಮಹಾಲಕ್ಷ್ಮೀ ಕೊಡ ತುಂಬಿಸಿ ಸೊಂಟಕ್ಕಿಟ್ಟುಕೊಂಡಳು.

"ಈಗ ನಾ ಹೇಳಿದ್ರೆ ನಾವು ಸುಳ್ಳರು ಅಂತಾಗ್ತದೆ, ವೈನಿ. ನೀವು ಹೇಳಿದ್ದು ಆಗ್ಲೇ ಆಗಿ ಹೋಗದೆ. ಒಂದು ಮನೆಗೆ ಒಬ್ರ ಸುಳ್ಳು ಸಾಕಲ್ದಾ?"

ಎಂಟನೇ ತಾರೀಕು ಗುರುವಾರ ಶ್ರಾದ್ಧ. ಹೊನ್ನಾವರದ ಹೆಂಗಸು ಬೆಳಗಿನ ಜಾವ ಎದ್ದು ಅಡುಗೆ ಹಿಡಿದಳು. ಇಲ್ಲಿಯೇ ಒಬ್ಬ ಮಡಿ ಹೆಂಗಸು ಇದ್ದಾಳಂತಲ್ಲ ಎಂದು ಅವಳು ಕೇಳಿದಾಗ ಮಹಾಲಕ್ಷ್ಮೀ ಕುಂಬಳಕಾಯಿ ತಂದು ಮುಂದಿಟ್ಟಳು. ಕಾರ್ಯ ಮುಗಿಯುವವರೆಗೆ ಹಿಂದಿನ ಕೋಣೆಯ ಒಲೆ ಹೊತ್ತಿಸಬಾರದೆಂದು ಮಂಗಲಾಳಿಗೆ ಹೇಳಿಯಾಗಿತ್ತು. ಕೆಸುವಿನ ದಂಟಿನ ಹುಳಿ ಮಾಡಿದ್ದಾರೆಯೇ ಎಂದು ಅವಳು ಮಗುವಿನ ಕೈಯಲ್ಲಿ ಕೇಳಿ ಕಳಿಸಿದಳು. ಇಲ್ಲ, ಕುಂಬಳಕಾಯಿಯದು ಎಂದು ಬಂತು.

ಹನ್ನೊಂದೂ ಮುಕ್ಕಾಲಿಗೆ ಭಟ್ಟರು ಪಿಂಡಪ್ರದಾನ ಮುಗಿಸಿದರು. ಉಪೇಂದ್ರ ಒಂದು ಎಲೆಯ ತುಂಡಿನಲ್ಲಿ ಕಾಗೆಯ ಪಿಂಡವನ್ನಿಟ್ಟು, ಹಿತ್ತಲಿನ ಪಾಗಾರದ ಗೋಡೆಯ ಮೇಲೆ ಇರಿಸಿ, ನೀರು ಬಿಟ್ಟು, ಹಿಂದೆ ಸರಿದು ಕೈಮುಗಿದು ನಿಂತ. ಕಾಗೆ ಮುಟ್ಟಿದ ಮೇಲೆಯೇ ಉಳಿದವರ ಊಟ. ಮುಟ್ಟದಿದ್ದರೆ ಸತ್ತವನು ಉಣ್ಣಲಿಲ್ಲ ಎಂದು ಅರ್ಥ.

ಕಾಗೆ ಬರಲಿಲ್ಲ. ಉಪೇಂದ್ರ ಚಪ್ಪಾಳೆ ತಟ್ಟಿದ, ಕಾ ಕಾ ಎಂದು ಕರೆದ. ಐದು ನಿಮಿಷ ಹೋಯಿತು, ಹತ್ತು ಹೋಯಿತು. ತೆಂಗಿನ ಮರಗಳಲ್ಲಿ ಒಂದು ಕಾಗೆಯೂ ಕಾಣಲಿಲ್ಲ. ತಿನ್ನಲು ಏನೂ ಬೀಳದ ಕೇರಿಯಲ್ಲಿ ಅವು ಎರಡು ತಿಂಗಳಿಂದ ಇರಲಿಲ್ಲ. ಮೀನು ಮಾರುಕಟ್ಟೆಗೂ ಅದರಾಚೆಯ ಕಸ ಸುರಿಯುವ ಜಾಗಕ್ಕೂ ಹೋಗಿದ್ದವು. ಇದನ್ನು ಯಾರೂ ಯೋಚಿಸಲಿಲ್ಲ. ಅಣ್ಣನಿಗೆ ಯಾವುದಾದರೂ ಆಸೆ ಉಳಿದಿತ್ತೇ ಎಂದು ಭಟ್ಟರು ಕೇಳಿದರು. ಬರುವ ವರ್ಷ ಗೋಕರ್ಣದಲ್ಲಿ ಕಾರ್ಯ ಮಾಡಿಸುತ್ತೇನೆ ಎಂದು ಉಪೇಂದ್ರ ಎಲೆಯ ಕಡೆಗೆ ಹೇಳಿದ. ಅಣ್ಣನ ಹೆಸರಿನಲ್ಲಿ ನಾಲ್ಕು ಜನಕ್ಕೆ ಊಟ ಹಾಕುತ್ತೇನೆ ಎಂದ. ಹನ್ನೆರಡು ಗಂಟೆ ಹೊಡೆಯಿತು. ಪಿಂಡಕ್ಕೆ ಇರುವೆ ಹತ್ತತೊಡಗಿತು.

ಭಟ್ಟರು ಸ್ವರ ತಗ್ಗಿಸಿದರು. ಮನೆಯಲ್ಲಿ ಆಚಾರ ತಪ್ಪಿದವರು ಇದ್ದಾರೆಂದು ಕೇಳಿದ್ದೇನೆ, ಅವರು ಬಂದು ತಪ್ಪು ಹೇಳಿಕೊಳ್ಳಲಿ ಎಂದರು. ಎಲ್ಲರೂ ಹಿಂದಿನ ಕೋಣೆಯ ಬಾಗಿಲ ಕಡೆಗೆ ತಿರುಗಿದರು. ಅವರಲ್ಲಿ ಎರಡನೇ ಮನೆಯವರಿದ್ದರು, ಒಂಬತ್ತನೇ ಮನೆಯವರಿದ್ದರು; ಊಟಕ್ಕೆ ಕರೆದಿದ್ದರಿಂದ ಬಂದಿದ್ದರು. ರಮಾನಂದ ಮಾಸ್ತರರೂ ಇದ್ದರು.

ಮಂಗಲಾ ಬಾಗಿಲು ತೆಗೆದು ಬಂದಳು. ಪಾಗಾರಕ್ಕೆ ನಾಲ್ಕು ಮೊಳ ದೂರದಲ್ಲಿ ನಿಂತು, ಎಲೆಯ ಕಡೆಗೆ ನೋಡುತ್ತ, "ನಾನು ತಿನ್ನಲಿಲ್ಲ," ಎಂದಳು.

ಎಲ್ಲರೂ ಮರಗಳ ಕಡೆಗೆ ನೋಡಿದರು. ಏನೂ ಬರಲಿಲ್ಲ. ಹನ್ನೆರಡೂಕಾಲಾಯಿತು. ಬ್ರಾಹ್ಮಣಾರ್ಥಕ್ಕೆ ಬಂದ ಮುದುಕರೊಬ್ಬರು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು.

"ನಿಜ ಹೇಳ್ಬೇಕು, ತಾಯಿ," ಎಂದರು ಭಟ್ಟರು. "ಅಲ್ಲಿ ಹಸಿದು ನಿಂತವರು ನಿಮ್ಮ ಯಜಮಾನ್ರು."

ಮಹಾಲಕ್ಷ್ಮೀ ಅವಳ ಹಿಂದೆ ಬಂದು ನಿಂತು, ಬರೆದು ಕೊಟ್ಟದ್ದನ್ನೇ ಬಾಯಲ್ಲೂ ಹೇಳಿಬಿಡಿ, ಮಕ್ಕಳೂ ಉಪವಾಸ ಕುಳಿತಿವೆ ಎಂದಳು. ಮಂಗಲಾ ಮಕ್ಕಳನ್ನು ನೋಡಲಿಲ್ಲ. ಅವಳು ನೋಡುತ್ತಿದ್ದುದು ಇರುವೆ ಹತ್ತಿದ ಅನ್ನವನ್ನು. ನಾಲ್ಕು ವರ್ಷದ ಸಂಸಾರದಲ್ಲಿ ಅವನು ಉಣ್ಣದೆ ಕುಳಿತ ಒಂದು ದಿನವೂ ಅವಳಿಗೆ ನೆನಪಿರಲಿಲ್ಲ. ಬಿಸಿಲು ಪಾಗಾರದ ಮೇಲೆ ನೇರ ಬೀಳುತ್ತಿತ್ತು.

"ತಿಂದೆ," ಎಂದಳು. "ತಪ್ಪಾತು. ನೀವು ಉಣ್ಣಿ."

ದಿನವೂ ಹನ್ನೆರಡೂವರೆಯ ಸುಮಾರಿಗೆ ಬೀರನ ಗಾಡಿ ಮೀನು ಮಾರುಕಟ್ಟೆಯ ಕಸ ತುಂಬಿಕೊಂಡು ಆ ಹಿತ್ತಲುಗಳ ಹಿಂದಿನ ದಾರಿಯಿಂದ ಹೋಗುತ್ತಿತ್ತು. ಆ ದಿನವೂ ಹೋಯಿತು. ಗಾಡಿಯ ಮೇಲೆ, ಹಿಂದೆ, ಎತ್ತಿನ ನೊಗದ ಮೇಲೆ ಕಾಗೆಗಳಿದ್ದವು. ಅವುಗಳಲ್ಲಿ ಒಂದು ಪಾಗಾರಕ್ಕೆ ಹಾರಿ ಬಂದು ಕುಳಿತು, ಕತ್ತು ಓರೆ ಮಾಡಿ ನೋಡಿ, ಪಿಂಡಕ್ಕೆ ಕೊಕ್ಕು ಹಾಕಿತು. ಮತ್ತೆರಡು ಬಂದವು.

ಯಾರೂ ಗಾಡಿಯ ಕಡೆಗೆ ನೋಡಲಿಲ್ಲ. ಭಟ್ಟರು ಕೈಮುಗಿದರು, ಉಪೇಂದ್ರ ನೆಲಕ್ಕೆ ಹಣೆ ಹಚ್ಚಿದ. ಎರಡನೇ ಮನೆಯವನು ಒಂಬತ್ತನೇ ಮನೆಯವನ ಮುಖ ನೋಡಿದ. ಆ ಕ್ಷಣದವರೆಗೆ ಅವರಿಬ್ಬರಿಗೂ ಅವಳು ತಿಂದಿಲ್ಲ ಎಂಬುದು ಖಚಿತವಾಗಿ ಗೊತ್ತಿತ್ತು. ಹತ್ತೊಂಬತ್ತರಲ್ಲಿ ಒಬ್ಬನದು ನಾಲ್ಕು, ಇನ್ನೊಬ್ಬನದು ಮೂರು; ಉಳಿದವುಗಳ ಲೆಕ್ಕವನ್ನು ಅವರು ತಾವಾಗಿ ಎಣಿಸಿರಲಿಲ್ಲ. ಮಾಸ್ತರರು ಮಾತ್ರ ಪೂರ್ತಿ ಲೆಕ್ಕ ಬಲ್ಲವರು. ಅವರು ಕಾಲು ತೊಳೆದುಕೊಂಡು ಪಂಕ್ತಿಗೆ ಹೋದರು.

ಹಿತ್ತಲು ಖಾಲಿಯಾಯಿತು. ಒಳಗೆ ಎಲೆ ಹಾಕುವ ಸದ್ದು ಕೇಳಿಸಿತು. ಮಹಾಲಕ್ಷ್ಮೀ ಬಡಿಸಲು ಹೋಗಬೇಕಾಗಿತ್ತು, ಹೋಗದೆ ನಿಂತಳು. ಏಳು ತಲೆಯನ್ನು ತನ್ನ ಕೈಯಾರೆ ಬಾಳೆ ಎಲೆಯಲ್ಲಿ ಸುತ್ತಿ ಆ ಡಬ್ಬಿಗೆ ಹಾಕಿದವಳು ಅವಳು. ಮಂಗಲಾಳ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, ಸ್ವಲ್ಪ ಹೆದರಿದ ಸ್ವರದಲ್ಲಿ ಕೇಳಿದಳು.

"ಹೌದನಾ, ವೈನಿ? ನೀವು ನಿಜ್ವಾಗ್ಲೂ ತಿಂತಿದ್ರಾ?"

ಮಂಗಲಾ ಪಾಗಾರದ ಮೇಲಿನ ಕಾಗೆಗಳನ್ನು ನೋಡುತ್ತಿದ್ದಳು. ಅವಳು ಕೂಡಲೇ ಇಲ್ಲ ಎನ್ನಲಿಲ್ಲ.